ಪೆಟ್ಟಿಗೆ ದಾಟಿದ ಕಡಲು, ದಾಟದ ದಡ

ಪುಸ್ತಕ: ದಿ ಬಾಕ್ಸ್. ಲೇಖಕ: ಮಾರ್ಕ್ ಲೆವಿನ್‌ಸನ್. ಪ್ರಕಾಶಕರು: ಪ್ರಿನ್ಸ್‌ಟನ್ ಯೂನಿವರ್ಸಿಟಿ ಪ್ರೆಸ್. ಮೊದಲ ಆವೃತ್ತಿ 2006. ಎರಡನೆಯ ಆವೃತ್ತಿ 2016.

ತೂತುಕುಡಿಯಿಂದ ಕೊಲಂಬೊಗೆ ಕಡಲ ದಾರಿ ಸುಮಾರು 150 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಲೆಕ್ಕ ಹಾಕಿ ನೋಡಿ, ಇದು 280 ಕಿಲೋಮೀಟರಿಗಿಂತ ತುಸು ಕಡಿಮೆ. ಬೆಂಗಳೂರಿನಿಂದ ಮಂಗಳೂರಿಗೆ ಲಾರಿ ಕ್ರಮಿಸುವ ದೂರಕ್ಕಿಂತಲೂ ಹತ್ತಿರ. ಗಂಟೆಗೆ 12 ನಾಟಿಕಲ್ ಮೈಲಿ ಸಾಗುವ ಸಾಧಾರಣ ಸರಕು ಹಡಗು ಸಂಜೆ ಹೊರಟರೆ ಬೆಳಗಾಗುವಷ್ಟರಲ್ಲಿ ಆಚೆ ದಡದಲ್ಲಿರುತ್ತದೆ. ಆದರೆ ಅದರಲ್ಲಿರುವ ಸರಕು ಈ ಕಡೆಯ ಗೋದಾಮಿನಿಂದ ಆ ಕಡೆಯ ಅಂಗಡಿಗೆ ಒಂದು ರಾತ್ರಿಯಲ್ಲಿ ತಲುಪುವುದಿಲ್ಲ. ಮಿಕ್ಕ ದಿನಗಳು ಎಲ್ಲಿ ಹೋಗುತ್ತವೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಲೆಕ್ಕದ ವಿಧಾನ ‘ದಿ ಬಾಕ್ಸ್’ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಪ್ರಶ್ನೆಯನ್ನು ಮಾತ್ರ ಪುಸ್ತಕ ಎತ್ತುವುದಿಲ್ಲ. ಅದರ ಗಮನವೆಲ್ಲ ಅಟ್ಲಾಂಟಿಕ್, ಪೆಸಿಫಿಕ್‌ಗಳಂಥ ಮಹಾಸಾಗರಗಳನ್ನು ದಾಟುವ ಸಾಗಣೆಯ ಮೇಲೆ. ಏಷ್ಯದ ಒಂದು ದೇಶದಿಂದ ಪಕ್ಕದ ದೇಶಕ್ಕೆ ಹೋಗುವ ಸರಕಿನ ಕಥೆ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಂಟೇನರ್ ಜಗತ್ತನ್ನು ಚಿಕ್ಕದು ಮಾಡಿತು ಎಂಬುದು ಲೇಖಕರ ಪ್ರತಿಪಾದನೆ. ಅವರದೇ ಅಳತೆಗೋಲನ್ನು ಹಿಡಿದು ನಮ್ಮ ನೆರೆಯ ಕಡಲನ್ನು ಅಳೆದರೆ ಈ ಮಾತು ಎಷ್ಟು ನಿಲ್ಲುತ್ತದೆ ಎಂದು ನೋಡುವುದು ಈ ವಿಮರ್ಶೆಯ ಉದ್ದೇಶ.

ಪುಸ್ತಕದಲ್ಲಿ ಏನಿದೆ?

ಲೆವಿನ್‌ಸನ್ ಅರ್ಥಶಾಸ್ತ್ರಜ್ಞರು, ‘ದಿ ಎಕಾನಮಿಸ್ಟ್’ ಪತ್ರಿಕೆಯಲ್ಲಿ ಸಂಪಾದಕರಾಗಿದ್ದವರು. ಒಂದು ಸಾದಾ ಲೋಹದ ಪೆಟ್ಟಿಗೆಯ ಬಗ್ಗೆ ಇಷ್ಟು ದೊಡ್ಡ ಪುಸ್ತಕ ಬರೆದು, ಅದನ್ನು ಕೊನೆಯವರೆಗೂ ಓದಿಸಿಕೊಂಡು ಹೋಗುವಂತೆ ಮಾಡಿರುವುದು ಅವರ ಹೆಗ್ಗಳಿಕೆ.

ಕಥೆ 1956ರ ಏಪ್ರಿಲ್ 26ರಂದು ಆರಂಭವಾಗುತ್ತದೆ. ಅಂದು ‘ಐಡಿಯಲ್ ಎಕ್ಸ್’ ಎಂಬ ಹಳೆಯ ಟ್ಯಾಂಕರ್ ಹಡಗು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಇದನ್ನು ಏರ್ಪಡಿಸಿದವರು ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಕಂಪನಿಯ ಮಾಲೀಕರು. ಆ ಕಾಲದಲ್ಲಿ ಬಿಡಿ ಸರಕನ್ನು ಹಡಗಿಗೆ ಹೇರಲು ಟನ್ನಿಗೆ 5.83 ಡಾಲರ್ ತಗಲುತ್ತಿತ್ತು. ಐಡಿಯಲ್ ಎಕ್ಸ್‌ನಲ್ಲಿ ಅದು 16 ಸೆಂಟ್‌ಗಿಂತಲೂ ಕಡಿಮೆಯಾಯಿತು. ಪೆಟ್ಟಿಗೆ ಹೊಸದೇನಲ್ಲ, ಅದಕ್ಕೂ ಮೊದಲೇ ರೈಲ್ವೆಯವರೂ ಹಡಗಿನವರೂ ಬಗೆಬಗೆಯ ಪೆಟ್ಟಿಗೆಗಳನ್ನು ಬಳಸಿ ನೋಡಿದ್ದರು. ಪೆಟ್ಟಿಗೆಯ ಜೊತೆಗೆ ಕ್ರೇನ್, ಲಾರಿಯ ಚಾಸಿ, ಹಡಗಿನ ಒಡಲು, ಬಂದರಿನ ಅಂಗಳ ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಬದಲಾಯಿಸಿದ್ದು ಮೆಕ್ಲೀನ್ ಮಾಡಿದ ಕೆಲಸ ಎಂದು ಲೇಖಕರು ಮನಗಾಣಿಸುತ್ತಾರೆ. ತಂತ್ರಜ್ಞಾನದ ಇತಿಹಾಸವನ್ನು ಬರಿಯ ‘ಕಂಡುಹಿಡಿದವರ’ ಪಟ್ಟಿಯಾಗಿ ಓದುವವರಿಗೆ ಇದು ಒಳ್ಳೆಯ ಪಾಠ.

ಮಾನಕಗಳ ಅಧ್ಯಾಯವಂತೂ ವಿಜ್ಞಾನದ ಓದುಗರಿಗೆ ಹಬ್ಬ. ಒಂದು ಕಂಪನಿಯ ಪೆಟ್ಟಿಗೆ 35 ಅಡಿ, ಇನ್ನೊಂದರದು 24 ಅಡಿ. ಒಬ್ಬರ ಕ್ರೇನ್ ಇನ್ನೊಬ್ಬರ ಪೆಟ್ಟಿಗೆಯನ್ನು ಹಿಡಿಯದು. ವರ್ಷಗಟ್ಟಲೆ ಸಮಿತಿಗಳು ಕುಳಿತು 10, 20, 30, 40 ಅಡಿಗಳ ಅಳತೆಗೂ ನಾಲ್ಕು ಮೂಲೆಗಳ ಕೊಂಡಿಯ ವಿನ್ಯಾಸಕ್ಕೂ ಒಪ್ಪಿದವು. ಹಡಗಿನ ಸಾಮರ್ಥ್ಯವನ್ನು ಇಂದು 20 ಅಡಿ ಪೆಟ್ಟಿಗೆಗಳ ಲೆಕ್ಕದಲ್ಲಿ ಹೇಳುವ ರೂಢಿ ಈ ಅಳತೆಯಿಂದಲೇ ಬಂದದ್ದು. ನ್ಯೂಯಾರ್ಕಿನ ಬಂದರು ಕಾರ್ಮಿಕರು ಕೆಲಸ ಕಳೆದುಕೊಂಡ ಬಗೆಯನ್ನೂ ಲೇಖಕರು ಸಹಾನುಭೂತಿಯಿಂದ, ವಿವರವಾಗಿ ಬರೆದಿದ್ದಾರೆ.

‘ವಾರಿಯರ್’ ಹಡಗಿನ ಲೆಕ್ಕ

ಪುಸ್ತಕದ ಅತ್ಯಂತ ಬೆಲೆಬಾಳುವ ಪುಟಗಳು ಎರಡನೆಯ ಅಧ್ಯಾಯದಲ್ಲಿವೆ. 1954ರಲ್ಲಿ ‘ವಾರಿಯರ್’ ಎಂಬ ಹಡಗು ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಸುಮಾರು 5,000 ಟನ್ ಸರಕು ಒಯ್ದಿತು. ಸಂಶೋಧಕರು ಅದರ ಪ್ರತಿಯೊಂದು ನಗವನ್ನೂ ಎಣಿಸಿದರು: ಒಟ್ಟು 1,94,582. ಹೇರಲು 6 ದಿನ, ಕಡಲಲ್ಲಿ ಹತ್ತೂವರೆ ದಿನ, ಇಳಿಸಲು 4 ದಿನ. ಒಟ್ಟು ವೆಚ್ಚ 2,37,577 ಡಾಲರ್. ಇದರಲ್ಲಿ ಕಡಲ ಪ್ರಯಾಣದ ಪಾಲು ಶೇ. 11.5 ಮಾತ್ರ, ಎರಡು ಬಂದರುಗಳಲ್ಲಿ ಸರಕು ಹೇರಿ ಇಳಿಸುವುದಕ್ಕೆ ಶೇ. 36.8. ಅಟ್ಲಾಂಟಿಕ್‌ನಂಥ ಸಾಗರವನ್ನು ದಾಟುವ ಪ್ರಯಾಣದಲ್ಲೂ ಹಣ ಕರಗುತ್ತಿದ್ದದ್ದು ದಡಗಳಲ್ಲಿ!

ಈ ಲೆಕ್ಕವನ್ನು ಹತ್ತಿರದ ಕಡಲಿಗೆ ಅನ್ವಯಿಸಿ ನೋಡೋಣ. ಒಂದು ಹಡಗು ಪ್ರತಿ ಬಂದರಿನಲ್ಲಿ ಎರಡು ದಿನ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಕಡಲ ದಾರಿ ಹತ್ತು ದಿನದ್ದಾದರೆ ಒಟ್ಟು 14 ದಿನ, ಹಡಗು ಶೇ. 71ರಷ್ಟು ಕಾಲ ಓಡುತ್ತಿರುತ್ತದೆ. ದಾರಿ ಅರ್ಧ ದಿನದ್ದಾದರೆ ಒಟ್ಟು ನಾಲ್ಕೂವರೆ ದಿನ, ಓಡುವುದು ಶೇ. 11ರಷ್ಟು ಕಾಲ, ಮಿಕ್ಕಂತೆ ಹಗ್ಗ ಕಟ್ಟಿಕೊಂಡು ನಿಂತಿರುತ್ತದೆ. ಈಗ ಎರಡೂ ಬಂದರುಗಳಲ್ಲಿ ಒಂದೊಂದು ದಿನ ಉಳಿಸಿದೆವು ಎನ್ನಿ. ದೂರದ ದಾರಿಯಲ್ಲಿ 14 ದಿನ 12 ಆಗುತ್ತದೆ, ಉಳಿತಾಯ ಶೇ. 14. ಹತ್ತಿರದ ದಾರಿಯಲ್ಲಿ ನಾಲ್ಕೂವರೆ ದಿನ ಎರಡೂವರೆ ಆಗುತ್ತದೆ, ಉಳಿತಾಯ ಶೇ. 44.

ಈ ಚಿಕ್ಕ ಲೆಕ್ಕದಿಂದ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಒಂದು, ನೆರೆಯ ದೇಶಗಳ ನಡುವಿನ ಸಾಗಣೆಗೆ ದಡದ ಸುಧಾರಣೆಯಿಂದ ಆಗುವ ಲಾಭ ದೂರದ ಸಾಗಣೆಗೆ ಆಗುವುದರ ಮೂರು ಪಟ್ಟು. ಎರಡು, ಹಡಗನ್ನು ದೊಡ್ಡದು ಮಾಡಿದರೆ ಪೆಟ್ಟಿಗೆಗೆ ತಗಲುವ ಇಂಧನ ಮತ್ತು ಸಿಬ್ಬಂದಿಯ ವೆಚ್ಚ ಕಡಿಮೆಯಾಗುತ್ತದೆ ನಿಜ, ಆದರೆ ಆ ಲಾಭ ಹಡಗು ಓಡುತ್ತಿರುವಾಗ ಮಾತ್ರ ಸಿಗುತ್ತದೆ. ಬಂದರಿನಲ್ಲಿ ದೊಡ್ಡ ಹಡಗು ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ದೈತ್ಯ ಹಡಗಿನ ಅರ್ಥಶಾಸ್ತ್ರ ಹತ್ತಿರದ ದಾರಿಗೆ ಒಗ್ಗುವುದಿಲ್ಲ. ಹಡಗುಗಳ ಗಾತ್ರದ ಪೈಪೋಟಿಗೆ ಲೇಖಕರು ಒಂದು ಇಡೀ ಅಧ್ಯಾಯ ಮೀಸಲಿಟ್ಟಿದ್ದಾರೆ, ದೊಡ್ಡ ಹಡಗುಗಳ ಹುಚ್ಚಿನಲ್ಲಿ ಮೆಕ್ಲೀನ್ ಕಂಪನಿಯೇ 1986ರಲ್ಲಿ ದಿವಾಳಿಯಾದದ್ದನ್ನೂ ಹೇಳಿದ್ದಾರೆ. ಆದರೆ ಅದೇ ಪೈಪೋಟಿ ಸಣ್ಣ ದಾರಿಗಳನ್ನು ಏನು ಮಾಡಿತು ಎಂಬುದರ ಕಡೆ ಅವರು ತಿರುಗುವುದಿಲ್ಲ.

ಪಕ್ಕದ ಮನೆಗೆ ಊರು ಸುತ್ತಿ

ಏನು ಮಾಡಿತು ಎಂಬುದನ್ನು ಬಂಗಾಳ ಕೊಲ್ಲಿಯಲ್ಲಿ ನೋಡಬಹುದು. ಆಂಧ್ರದ ಕೃಷ್ಣಪಟ್ಟಣಂ ಬಂದರಿನಿಂದ ಬಾಂಗ್ಲಾದೇಶದ ಚಿತ್ತಗಾಂಗ್‌ಗೆ ನೇರವಾಗಿ ಸುಮಾರು 800 ನಾಟಿಕಲ್ ಮೈಲಿ. ಆದರೆ ಎರಡು ದೇಶಗಳ ನಡುವಿನ ಕಂಟೇನರ್‌ಗಳು ಬಹುಕಾಲ ಕೊಲಂಬೊ ಅಥವಾ ಸಿಂಗಪುರಕ್ಕೆ ಹೋಗಿ, ಅಲ್ಲಿ ಹಡಗು ಬದಲಿಸಿ ಬರುತ್ತಿದ್ದವು. ಕೊಲಂಬೊ ಸುತ್ತಿದರೆ ದಾರಿ ಎರಡು ಪಟ್ಟಿಗೂ ಮಿಕ್ಕುತ್ತದೆ. ಪ್ರತಿ ಪೆಟ್ಟಿಗೆ ಎರಡು ಬಾರಿ ಹೆಚ್ಚಾಗಿ ಕ್ರೇನ್ ಏರಬೇಕು. ಮುಂದಿನ ಹಡಗು ಬರುವವರೆಗೆ ಅಂಗಳದಲ್ಲಿ ಕಾಯಬೇಕು. ಚಿತ್ತಗಾಂಗ್ ಕರ್ಣಫುಲಿ ನದಿಯ ಮೇಲಿನ ಬಂದರು. 2023ರಲ್ಲಿ ಮಿತಿಯನ್ನು ಸಡಿಲಿಸಿದ ಮೇಲೂ ನೀರಿನಲ್ಲಿ 10 ಮೀಟರಿಗಿಂತ ಆಳ ಮುಳುಗುವ ಹಡಗಿಗೆ ಅಲ್ಲಿ ಪ್ರವೇಶವಿಲ್ಲದಾಯಿತು. ಹೀಗಾಗಿ ಸಣ್ಣ ಹಡಗುಗಳು ಪೆಟ್ಟಿಗೆಗಳನ್ನು ದೊಡ್ಡ ಬಂದರಿಗೆ ಒಯ್ದು ಒಪ್ಪಿಸುತ್ತವೆ. ಇವುಗಳಿಗೆ ಫೀಡರ್ ಹಡಗು ಎಂದು ಹೆಸರು. ಯುರೋಪಿಗೆ ಹೋಗುವ ಬಟ್ಟೆಗೆ ಈ ಏರ್ಪಾಡು ಸರಿ. ಚೆನ್ನೈಗೆ ಬರುವ ಬಟ್ಟೆಗೂ ಇದೇ ದಾರಿ ಎಂಬುದು ವಿಪರ್ಯಾಸ.

2015ರ ಜೂನ್‌ನಲ್ಲಿ ಎರಡೂ ದೇಶಗಳು ಕರಾವಳಿ ಹಡಗು ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ನವೆಂಬರ್‌ನಲ್ಲಿ ಕಾರ್ಯವಿಧಾನ ನಿಗದಿಯಾಯಿತು. 2016ರ ಮಾರ್ಚ್‌ನಲ್ಲಿ ಚಿತ್ತಗಾಂಗ್‌ನಿಂದ ಕೃಷ್ಣಪಟ್ಟಣಂಗೆ ಮೊದಲ ಹಡಗು ನೇರವಾಗಿ ಹೊರಟಿತು. ಒಪ್ಪಂದದ ತಾಂತ್ರಿಕ ತಿರುಳನ್ನು ಗಮನಿಸಿ. ದಡದ ಹತ್ತಿರವೇ ಸಾಗುವ ಹಡಗಿಗೆ ಮಹಾಸಾಗರದ ಹಡಗಿನಷ್ಟು ಗಟ್ಟಿಮುಟ್ಟಾದ ಒಡಲು, ಅಷ್ಟು ಸಿಬ್ಬಂದಿ, ಅಷ್ಟು ಸಲಕರಣೆ ಬೇಕಾಗಿಲ್ಲ. ನದಿಯಲ್ಲೂ ಕಡಲಂಚಿನಲ್ಲೂ ಓಡಬಲ್ಲ, ಕಡಿಮೆ ಆಳ ಸಾಕಾಗುವ ಹಡಗುಗಳನ್ನು ಈ ದಾರಿಯಲ್ಲಿ ಬಳಸಲು ಎರಡೂ ಕಡೆ ಒಪ್ಪಿದವು. ಜೊತೆಗೆ ಪಕ್ಕದ ದೇಶದ ಹಡಗನ್ನು ತನ್ನದೇ ಹಡಗಿನಂತೆ ನಡೆಸಿಕೊಳ್ಳುವ ಮಾತೂ ಆಯಿತು. ಹೊಸ ಯಂತ್ರವೇನೂ ಬರಲಿಲ್ಲ. ನಿಯಮ ಬದಲಾದ ಕೂಡಲೇ 800 ಮೈಲಿ ಮತ್ತೆ 800 ಮೈಲಿಯೇ ಆಯಿತು.

ನಿಯಮ ಹಿಂದಕ್ಕೂ ಹೋಗಬಲ್ಲದು. 2025ರ ಮೇ ತಿಂಗಳಲ್ಲಿ ಭಾರತ ಸರ್ಕಾರ ಬಾಂಗ್ಲಾದೇಶದ ಸಿದ್ಧ ಉಡುಪುಗಳು ಭೂಗಡಿಯ ಮೂಲಕ ಬರುವುದನ್ನು ನಿಲ್ಲಿಸಿ, ಕೊಲ್ಕತ್ತ ಮತ್ತು ನ್ಹಾವಾ ಶೇವಾ ಬಂದರುಗಳಿಂದ ಮಾತ್ರ ಒಳಬರಬೇಕೆಂದು ಆದೇಶಿಸಿತು. ಅದರ ಹಿಂದಿನ ರಾಜಕೀಯ ಇಲ್ಲಿ ಚರ್ಚಿಸುವ ವಿಷಯವಲ್ಲ. ಆದರೆ ಪೆಟ್ಟಿಗೆಯ ದಾರಿಯನ್ನು ಒಂದು ಸುತ್ತೋಲೆ ರಾತ್ರಿ ಬೆಳಗಾಗುವುದರೊಳಗೆ ಎಷ್ಟು ಉದ್ದ ಮಾಡಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ಕೊನೆಯ ಅಧ್ಯಾಯದಲ್ಲಿ ಲೆವಿನ್‌ಸನ್ ಹಿಂದುಳಿದ ಬಂದರುಗಳಿರುವ ದೇಶಗಳಿಗೆ ಕಂಟೇನರ್‌ನ ಲಾಭ ಪೂರ್ತಿ ದಕ್ಕಲಿಲ್ಲ ಎನ್ನುತ್ತಾರೆ. ಮಾತು ಸರಿ. ಆದರೆ ಒಳ್ಳೆಯ ಬಂದರು ಇದ್ದೂ ದಕ್ಕದೆ ಹೋಗಬಹುದು ಎಂಬುದು ನಮ್ಮ ಕಡಲಿನ ಅನುಭವ.

ಖಾಲಿ ಪೆಟ್ಟಿಗೆಯ ಬಾಡಿಗೆ ಯಾರು ಕೊಡಬೇಕು?

ನೇರ ಹಡಗು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನೀವು ಅಂದುಕೊಳ್ಳಬಹುದು. ಅಷ್ಟು ಸುಲಭವಲ್ಲ. 2017ರ ಏಪ್ರಿಲ್ 30ರಂದು ಫಿಲಿಪ್ಪೀನ್ಸ್‌ನ ದಾವೊ ಮತ್ತು ಇಂಡೊನೇಷ್ಯದ ಬಿಟುಂಗ್ ನಡುವೆ ನೇರ ಸರಕು ಸಾಗಣೆಗೆ ಎರಡೂ ದೇಶಗಳ ಅಧ್ಯಕ್ಷರೇ ಚಾಲನೆ ಕೊಟ್ಟರು. ಲಾರಿಗಳು ಚಕ್ರದ ಮೇಲೆಯೇ ಒಳಹೋಗಿ ಹೊರಬರುವ ಬಗೆಯ ಹಡಗು ಅದು. ಮನಿಲಾ, ಜಕಾರ್ತಗಳನ್ನು ಸುತ್ತುವ ದಾರಿಗೆ ಹೋಲಿಸಿದರೆ ಬಹಳ ಹತ್ತಿರ. ಆದರೆ ತುಂಬಲು ಸರಕು ಸಾಲದೆ ಸೇವೆ ನಿಂತುಹೋಯಿತು. ಎರಡೂ ದಡಗಳಲ್ಲಿ ಬೆಳೆಯುವುದು ತೆಂಗು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಲ್ಲಿ ಧಾರಾಳವಾಗಿ ಇರಲಿಲ್ಲ.

ಈ ವಿಷಯದಲ್ಲಿ ಪುಸ್ತಕದ ವಿಯೆಟ್ನಾಂ ಅಧ್ಯಾಯ ಒಂದು ಸುಳಿವು ಕೊಡುತ್ತದೆ. ಅಮೆರಿಕದ ಸೇನೆಗೆ ಸಾಮಾನು ಒಯ್ಯುತ್ತಿದ್ದ ಮೆಕ್ಲೀನ್ ಹಡಗುಗಳು ಹಿಂದಿರುಗುವಾಗ ಖಾಲಿ ಇರುತ್ತಿದ್ದವು. ಹೋಗಿಬರುವ ಖರ್ಚನ್ನೆಲ್ಲ ಸೇನೆಯೇ ಕೊಟ್ಟಾಗಿತ್ತು. ಆ ಖಾಲಿ ಜಾಗಕ್ಕೆ ಜಪಾನಿನ ಸರಕು ತುಂಬಿದ್ದರಿಂದ ಪೆಸಿಫಿಕ್ ದಾಟುವ ವ್ಯಾಪಾರ ಕುದುರಿತು. ಎಂದರೆ, ಹೊಸ ದಾರಿಯಲ್ಲಿ ಮೊದಲ ದಿನಗಳ ಖಾಲಿ ಪೆಟ್ಟಿಗೆಯ ಬಾಡಿಗೆಯನ್ನು ಯಾರಾದರೂ ಹೊರಬೇಕು. 2020ರ ಸೆಪ್ಟೆಂಬರ್‌ನಲ್ಲಿ ತೂತುಕುಡಿ, ಕೊಚ್ಚಿಗಳಿಂದ ಮಾಲ್ಡೀವ್ಸ್‌ಗೆ ಆರಂಭವಾದ ನೇರ ಸರಕು ಸೇವೆಯಲ್ಲಿ ಆ ಹೊಣೆಯನ್ನು ಭಾರತ ಸರ್ಕಾರ ಹೊತ್ತಿತು. ಆ ಹಡಗು 200 ಕಂಟೇನರ್‌ಗಳ ಜೊತೆಗೆ 3,000 ಟನ್ ಬಿಡಿ ಸರಕನ್ನೂ ಒಯ್ಯಬಲ್ಲದಾಗಿತ್ತು. ಈ ಎರಡನೆಯ ಅಂಕಿಯೇ ಅರ್ಥಪೂರ್ಣ. ಮಾಲ್ಡೀವ್ಸ್‌ನ ಸಣ್ಣ ದ್ವೀಪಕ್ಕೆ ಬೇಕಾದದ್ದು ಒಂದು ಪೆಟ್ಟಿಗೆ ತುಂಬ ಈರುಳ್ಳಿಯಲ್ಲ. ಇಪ್ಪತ್ತು ಮೂಟೆ ಈರುಳ್ಳಿ, ಒಂದಿಷ್ಟು ಸಿಮೆಂಟ್, ನಾಲ್ಕು ಬಾಗಿಲು.

ಅಂಥ ಸರಕಿನ ಹಳೆಯ ವಾಹನಗಳೆಂದರೆ ತೂತುಕುಡಿಯ ತೋಣಿಗಳು, ನಮ್ಮ ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು. ಮರದ ಈ ಹಡಗುಗಳಿಗೆ ದೊಡ್ಡ ಕ್ರೇನ್ ಬೇಡ, ಆಳದ ನೀರು ಬೇಡ. ಮಳೆಗಾಲದಲ್ಲಿ ಮಾತ್ರ ಕಡಲಿಗಿಳಿಯುವಂತಿಲ್ಲ. ಮಂಗಳೂರು ಹೆಂಚು ಸಿಲೋನ್, ಬರ್ಮಾಗಳ ಮನೆಗಳನ್ನು ಮುಚ್ಚಿದ್ದು ಕಂಟೇನರ್ ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲು. ನ್ಯೂಯಾರ್ಕಿನ ಹಮಾಲಿಗಳಿಗೆ ನ್ಯಾಯ ಒದಗಿಸಿದ ಲೆವಿನ್‌ಸನ್ ಈ ನಾವಿಕರ ಬಗ್ಗೆ ಬರೆಯಲಿಲ್ಲ ಎಂದು ದೂರುವುದು ಸರಿಯಲ್ಲ. ಅದು ಅವರ ಕಡಲಲ್ಲ. ನಾವು ಬರೆಯಬೇಕಾದದ್ದು.

ಎರಡು ನಂಬರ್ ಪ್ಲೇಟಿನ ಟ್ರೈಲರ್

ದಡವನ್ನು ಸರಿಪಡಿಸಿದ ನೆರೆಹೊರೆಯವರು ಏಷ್ಯದಲ್ಲೇ ಇದ್ದಾರೆ. ದಕ್ಷಿಣ ಕೊರಿಯದ ಬೂಸಾನ್ ಮತ್ತು ಜಪಾನಿನ ಶಿಮೊನೊಸೆಕಿ ನಡುವೆ 1970ರಿಂದ ರಾತ್ರಿ ಹೊರಟು ಬೆಳಗ್ಗೆ ತಲುಪುವ ದೋಣಿ ಸೇವೆ ಬೆಳೆಯಿತು. 2012ರ ನಂತರ ಕೆಲವು ಟ್ರೈಲರ್‌ಗಳಿಗೆ ಎರಡೂ ದೇಶಗಳ ನಂಬರ್ ಪ್ಲೇಟು ಹಾಕುವ ಪದ್ಧತಿ ಬಂತು. ಕೊರಿಯದ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗ ತುಂಬಿದ ಟ್ರೈಲರ್ ಹಡಗೇರಿ, ಇಳಿದು, ಜಪಾನಿನ ಕ್ಯೂಶೂ ದ್ವೀಪದ ನಿಸಾನ್ ಕಾರ್ಖಾನೆಯ ಬಾಗಿಲಿಗೇ ಹೋಗುತ್ತದೆ. ನಡುವೆ ಸರಕನ್ನು ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಯಿಸುವ ಕೆಲಸವೇ ಇಲ್ಲ. ಇಬ್ಬರ ನಡುವೆ ಇತಿಹಾಸದ ಕಹಿ ಕಡಿಮೆಯೇನಿಲ್ಲ. ಆದರೂ ಒಂದು ತಗಡಿನ ಫಲಕಕ್ಕೆ ಒಪ್ಪಿಗೆ ಸಿಕ್ಕಿತು.

ಕಾಗದಪತ್ರದ ವಿಷಯವೂ ಇಂಥದೇ. ಸರಕಿನ ಒಡೆತನವನ್ನು ಸಾರುವ ಹಡಗುಪತ್ರಕ್ಕೆ ಭಾರತದಲ್ಲಿ 1856ರ ಕಾಯಿದೆಯೇ ಅನ್ವಯವಾಗುತ್ತಿತ್ತು. ಐಡಿಯಲ್ ಎಕ್ಸ್ ಹೊರಡುವುದಕ್ಕೆ ಸರಿಯಾಗಿ ನೂರು ವರ್ಷ ಹಿಂದಿನದು! 2025ರಲ್ಲಷ್ಟೇ ಸಂಸತ್ತು ಅದರ ಜಾಗದಲ್ಲಿ ಹೊಸ ಕಾಯಿದೆ ತಂದಿತು. ಹಡಗು, ಸರಕು, ಸಿಬ್ಬಂದಿಯ ವಿವರಗಳನ್ನು ಒಂದೇ ಕಿಟಕಿಯಲ್ಲಿ ವಿದ್ಯುನ್ಮಾನ ರೂಪದಲ್ಲಿ ಸ್ವೀಕರಿಸುವ ವ್ಯವಸ್ಥೆಯನ್ನು ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಬಂದರುಗಳಿಗೆ ಕಡ್ಡಾಯ ಮಾಡಿದ್ದು 2024ರ ಜನವರಿ 1ರಿಂದ. ಉಕ್ಕಿನ ಪೆಟ್ಟಿಗೆಯ ಅಳತೆಗೆ 1960ರ ದಶಕದಲ್ಲೇ ಒಪ್ಪಿದ ಜಗತ್ತು, ಅದರ ಜೊತೆ ಹೋಗುವ ಕಾಗದವನ್ನು ಒಂದು ಅಚ್ಚಿಗೆ ತರಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು.

ಮುಚ್ಚಿದ ಪೆಟ್ಟಿಗೆಯೊಳಗೆ

ಪುಸ್ತಕದ ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಪೆಟ್ಟಿಗೆಯ ಬಲವೇ ಅದು ಮುಚ್ಚಿರುವುದು. ಒಳಗೇನಿದೆ ಎಂದು ಕ್ರೇನ್ ನಡೆಸುವವನಿಗೂ ಹಡಗಿನ ಕಪ್ತಾನನಿಗೂ ಕಾಣದು. ಕಳ್ಳಸಾಗಣೆ, ಬಾಂಬು ಮುಂತಾದ ಭಯಗಳ ಪ್ರಸ್ತಾಪ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಆದರೆ ದಿನನಿತ್ಯದ ವ್ಯಾಪಾರದ ಸಾದಾ ರಾಸಾಯನಿಕಗಳು ತರುವ ನಷ್ಟ ಲೇಖಕರ ಲಾಭ-ನಷ್ಟದ ಪಟ್ಟಿಗೆ ಸೇರಿಲ್ಲ. ಆ ನಷ್ಟವನ್ನು ನಮ್ಮ ನೆರೆಯ ಕಡಲು ಎರಡು ಬಾರಿ ಕಂಡಿದೆ.

2021ರ ಮೇ ತಿಂಗಳಲ್ಲಿ ‘ಎಕ್ಸ್-ಪ್ರೆಸ್ ಪರ್ಲ್’ ಎಂಬ ಹೊಚ್ಚಹೊಸ ಫೀಡರ್ ಹಡಗು ಗುಜರಾತಿನ ಹಜೀರಾದಿಂದ ಕೊಲಂಬೊ ಬಳಿಗೆ ಬಂತು. ಅದರ ಒಂದು ಪೆಟ್ಟಿಗೆಯಿಂದ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಆ ಪೆಟ್ಟಿಗೆಯನ್ನು ಇಳಿಸಿಕೊಳ್ಳಿ ಎಂದು ಮೊದಲು ಕತಾರಿನ ಹಮದ್ ಬಂದರಿನಲ್ಲೂ ನಂತರ ಹಜೀರಾದಲ್ಲೂ ಕೋರಲಾಗಿತ್ತು. ಎರಡೂ ಕಡೆ ಸೌಲಭ್ಯವಿಲ್ಲವೆಂಬ ಉತ್ತರ ಬಂತು. ಮೇ 20ರಂದು ಬೆಂಕಿ ಹತ್ತಿತು, ಜೂನ್‌ನಲ್ಲಿ ಹಡಗು ಮುಳುಗಿತು. ಸಾವಿರ ಟನ್ನಿಗೂ ಹೆಚ್ಚು ಪ್ಲಾಸ್ಟಿಕ್ ಕಾಳುಗಳು ಶ್ರೀಲಂಕಾದ ಪಶ್ಚಿಮ ತೀರವನ್ನು ಮುಚ್ಚಿದವು, ಮೀನುಗಾರರು ಕಡಲಿಗಿಳಿಯದಂತಾಯಿತು. 2025ರ ಜುಲೈನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ನೂರು ಕೋಟಿ ಡಾಲರ್ ಪರಿಹಾರ ಕೊಡುವಂತೆ ಆದೇಶಿಸಿತು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 2025ರ ಜೂನ್ 9ರಂದು ಕೊಲಂಬೊದಿಂದ ನ್ಹಾವಾ ಶೇವಾಕ್ಕೆ ಹೊರಟಿದ್ದ ‘ವಾನ್ ಹೈ 503’ ಹಡಗಿನಲ್ಲಿ ಕೇರಳದ ಕಡಲಾಚೆ ಸ್ಫೋಟವಾಗಿ ಬೆಂಕಿ ಎದ್ದಿತು. ಅದರಲ್ಲಿ ನೂರಕ್ಕೂ ಹೆಚ್ಚು ಪೆಟ್ಟಿಗೆಗಳು ಅಪಾಯಕಾರಿ ಸರಕಿನವು. 22 ಸಿಬ್ಬಂದಿಯಲ್ಲಿ 18 ಮಂದಿ ಪಾರಾದರು, ನಾಲ್ವರು ಕಾಣೆಯಾದರು. ಬದುಕುಳಿದವರನ್ನು ನೌಕಾಪಡೆಯ ‘ಐಎನ್‌ಎಸ್ ಸೂರತ್’ ನವಮಂಗಳೂರು ಬಂದರಿಗೆ ತಂದಿತು. ಗಾಯಾಳುಗಳಿಗೆ ಮಂಗಳೂರಿನಲ್ಲೇ ಚಿಕಿತ್ಸೆ ನಡೆಯಿತು.

ಇವೆರಡೂ ದಿನವೂ ನಡೆಯುವ ನೆರೆಯ ಸಾಗಣೆಗಳು. ಮೊದಲನೆಯದರಲ್ಲಂತೂ ದಡಗಳೇ ಕೈಬಿಟ್ಟವು: ಸೋರುವ ಒಂದೇ ಒಂದು ಪೆಟ್ಟಿಗೆಯನ್ನು ಇಳಿಸಿಕೊಳ್ಳುವ ಬಂದರು ಸಿಗಲಿಲ್ಲ. ಕಂಟೇನರ್‌ನ ತೂಕವನ್ನು ಹಡಗೇರುವ ಮೊದಲೇ ಪರೀಕ್ಷಿಸಿ ದೃಢಪಡಿಸಬೇಕೆಂಬ ನಿಯಮ 2016ರ ಜುಲೈ 1ರಿಂದ ಜಗತ್ತಿನಾದ್ಯಂತ ಜಾರಿಗೆ ಬಂದಿದೆ. ಒಳಗಿನ ಸರಕಿನ ವಿಷಯದಲ್ಲಿ ಈಗಲೂ ಬಹುಪಾಲು ನಂಬಿಕೆ, ಕಳುಹಿಸಿದವನು ಬರೆದುಕೊಟ್ಟ ಚೀಟಿಯ ಮೇಲೆ. ತೂಕಕ್ಕೆ ಬಂದ ಶಿಸ್ತು ಪದಾರ್ಥಕ್ಕೂ ಬರಬೇಕು. ಸೋರುವ ಪೆಟ್ಟಿಗೆಯನ್ನು ಮೊದಲು ಸಿಕ್ಕ ಬಂದರು ಇಳಿಸಿಕೊಳ್ಳಲೇಬೇಕೆಂಬ ಕಟ್ಟು ನೆರೆಯ ದೇಶಗಳ ನಡುವೆ ಆಗಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಮುಳುಗಿದ ಹಡಗಿನ ನಷ್ಟದ ಮುಂದೆ ಏನೂ ಅಲ್ಲ.

ಯಾರು ಓದಬೇಕು?

ಭಾರತದ ಬೇರೆಡೆ ಹಡಗು ಬದಲಿಸುವ ಕಂಟೇನರ್‌ಗಳಲ್ಲಿ ಸುಮಾರು ಮುಕ್ಕಾಲು ಭಾಗ ವಿದೇಶಿ ಬಂದರುಗಳ ಪಾಲಾಗುತ್ತಿತ್ತು, ಅದರಲ್ಲೂ ಕೊಲಂಬೊದ ಪಾಲು ದೊಡ್ಡದು. ಕೊಡಗು, ಚಿಕ್ಕಮಗಳೂರಿನ ಕಾಫಿಗೂ ಈ ದಾರಿ ಅಪರಿಚಿತವಲ್ಲ. ಇದನ್ನು ತಪ್ಪಿಸಲೆಂದು ಕೇರಳದ ವಿಳಿಂಜಂನಲ್ಲಿ ಆಳದ ಬಂದರು ಎದ್ದಿತು. 2024ರ ಜುಲೈನಲ್ಲಿ ಅಲ್ಲಿಗೆ ಮೊದಲ ದೊಡ್ಡ ಕಂಟೇನರ್ ಹಡಗು ಬಂತು. ದೂರದ ವ್ಯಾಪಾರಕ್ಕೆ ಇದು ಬೇಕಾದದ್ದೇ. ಆದರೆ ಪಕ್ಕದ ದೇಶದ ಜೊತೆಗಿನ ವ್ಯಾಪಾರ ಆಳದ ನೀರಿನಿಂದ ಬೆಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಸಣ್ಣ ಹಡಗಿಗೆ ಕಾಯಿಸದೆ ಸಿಗುವ ಕಟ್ಟೆ, ಹತ್ತಿರದಲ್ಲೇ ಇರುವ ಪರೀಕ್ಷಾಲಯ, ಎರಡೂ ಕಡೆ ಒಪ್ಪುವ ಕಾಗದ, ಹಿಂದಿರುಗುವ ಪೆಟ್ಟಿಗೆಗೆ ಸರಕು. ಮುಂದೆ ಯಾವುದಾದರೂ ಹೊಸ ಬಂದರಿನ ಉದ್ಘಾಟನೆಯ ಸುದ್ದಿ ಓದುವಾಗ ಆಳ ಎಷ್ಟು ಮೀಟರ್ ಎಂದು ನೋಡಿದ ಮೇಲೆ ಇವುಗಳನ್ನೂ ಕೇಳಿನೋಡಿ.

ಎಂಜಿನಿಯರಿಂಗ್, ವಾಣಿಜ್ಯ ಓದುತ್ತಿರುವ ವಿದ್ಯಾರ್ಥಿಗಳು, ಬಂದರಿನ ಕೆಲಸದಲ್ಲಿರುವವರು, ಸಣ್ಣ ರಫ್ತುದಾರರು ‘ದಿ ಬಾಕ್ಸ್’ ಅನ್ನು ಅಗತ್ಯವಾಗಿ ಓದಬೇಕು. ಇಂಗ್ಲಿಷ್ ಸರಳವಾಗಿದೆ, ಬಂದರಿನ ಪರಿಭಾಷೆ ಗೊತ್ತಿಲ್ಲದವರಿಗೂ ತೊಡಕಾಗದು. ನ್ಯೂಯಾರ್ಕ್ ಬಂದರಿನ ರಾಜಕೀಯದ ಅಧ್ಯಾಯ ಎಳೆದಂತಾಗಿದೆ, ಅವಸರವಿದ್ದವರು ದಾಟಿಸಬಹುದು. ವಾರಿಯರ್ ಹಡಗಿನ ಪುಟಗಳನ್ನು ಮಾತ್ರ ಪೆನ್ಸಿಲ್ ಹಿಡಿದು ಓದಿ. ಅದೇ ಪಟ್ಟಿಯನ್ನು ಮಂಗಳೂರಿನಿಂದ ಕೊಲಂಬೊಗೆ ಹೋಗುವ ಒಂದು ಪೆಟ್ಟಿಗೆಗೆ ಯಾರಾದರೂ ವಿದ್ಯಾರ್ಥಿ ತಯಾರಿಸಿದರೆ, ಹೇರಿದ್ದೆಷ್ಟು ಹೊತ್ತು, ಕಾದದ್ದೆಷ್ಟು, ಸಹಿಗಳೆಷ್ಟು, ಓಡಿದ್ದೆಷ್ಟು ಎಂದು ಲೆಕ್ಕ ಕೊಟ್ಟರೆ, ಈ ಪುಸ್ತಕದಲ್ಲಿ ಇಲ್ಲದ ಅಧ್ಯಾಯಕ್ಕೆ ಅಲ್ಲಿಂದಲೇ ಆರಂಭವಾದೀತು.